ಉಪ್ಪುನೀರಿನ ಮಲ್ಲಿಗೆ

ಬುದಯ್ಯ, ಬಹರೈನ್
12 ನವೆಂಬರ್ 2023

ಪ್ರಿಯ ಜ್ಯೋತ್ಸ್ನಾ,

ದೀಪಾವಳಿಯ ಶುಭಾಶಯ. ಧಾರವಾಡದ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಕೃಷಿ ವಿಜ್ಞಾನ ಓದಿದ ನಾವಿಬ್ಬರು ಈಗ ವರ್ಷಕ್ಕೊಮ್ಮೆ ವಾಟ್ಸ್ಯಾಪ್‌ನಲ್ಲಿ ಹಣತೆಯ ಚಿತ್ರ ಕಳಿಸುವುದರಲ್ಲೇ ಮುಗಿಸಿಬಿಡುತ್ತೇವೆ. ಇವತ್ತಿನ ವಿಷಯ ಅದರಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೇ ಇಮೇಲಿನಲ್ಲಿ ಪತ್ರವನ್ನೇ ಬರೆಯುತ್ತಿದ್ದೇನೆ. ನೀನೂ ಹಾಗೆಯೇ ಬರೆಯಬೇಕು.

ನಾನು ಕೆಲಸ ಮಾಡುವ ತೋಟ ಬುದಯ್ಯದಲ್ಲಿದೆ, ಜುಮಾನಾ ಎಂಬವಳದು. ನಮ್ಮ ವಯಸ್ಸಿನವಳೇ. ಓದಿದ್ದು ಎಂಜಿನಿಯರಿಂಗ್, ಬದುಕುವುದು ಗಿಡಗಳ ನಡುವೆ. ಇಲ್ಲಿಯ ಸಿಹಿನೀರಿನ ಊಟೆಗಳು ಬತ್ತಿವೆ, ಕೊಳವೆಬಾವಿಗಳಲ್ಲಿ ಬರುವುದು ಉಪ್ಪುನೀರು. ಆ ನೀರಿನಲ್ಲೇ ನಾವು ರಾಝ್ಜಿ ಬೆಳೆಯುತ್ತಿದ್ದೇವೆ. ರಾಝ್ಜಿ ಅಂದರೆ ಬೇರೇನೂ ಅಲ್ಲ, ನಮ್ಮ ಶಂಕರಪುರದ ಮಲ್ಲಿಗೆಯ ಅಕ್ಕ. ಅದೇ ಜಾತಿ, ಅದೇ ಪರಿಮಳ. ಮೊದಲ ದಿನ ತೋಟಕ್ಕೆ ಬಂದಾಗ ನನ್ನ ಅಮ್ಮ ಪಕ್ಕದಲ್ಲೇ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಾಳೆ ಅನ್ನಿಸಿ ಕಣ್ಣು ತುಂಬಿತ್ತು.

ಉಪ್ಪಿನಲ್ಲೂ ಗಿಡ ಉಳಿಸುವ ಒಂದು ಕ್ರಮ ನಮಗೆ ಸಿಕ್ಕಿದೆ. ಲಂಡನ್ನಿನ ಒಂದು ಹಳೆಯ ಟ್ರಸ್ಟ್ ಇದರಲ್ಲಿ ಆಸಕ್ತಿ ತೋರಿಸಿದೆ. ಹಿಂದೆ ಸಾಮ್ರಾಜ್ಯದ ನಾಡುನಾಡುಗಳಿಂದ ಬೀಜ, ಎಲೆ, ಮಣ್ಣು ತರಿಸಿಕೊಂಡು ವರದಿ ಬರೆಯುತ್ತಿದ್ದವರು ಅವರು. ಈಗ ಆ ನಾಡುಗಳ ನಡುವೆ ಕೃಷಿ ಸಂಶೋಧನೆ ಹಂಚುವ ಯೋಜನೆ ಮಾಡಿದ್ದಾರೆ. ಪ್ರತಿ ಪ್ರಯೋಗಕ್ಕೂ ಎರಡು ನಾಡು ಬೇಕು. ನಾನು ನಿನ್ನ ಹೆಸರು ಕೊಟ್ಟಿದ್ದೇನೆ. ಒಪ್ಪಿದರೆ ಅವರ ಹಣದಿಂದ ತೋಟದಲ್ಲಿರುವ ನನ್ನ ಪುಟ್ಟ ಪ್ರಯೋಗಾಲಯ ಉಳಿಯುತ್ತದೆ. ಇಲ್ಲದಿದ್ದರೆ ನಾನು ಸಸಿ ಮಾರುವ ಕೌಂಟರಿನಲ್ಲಿ ನಿಲ್ಲಬೇಕು.

ನಾವು ಕಂಡುಕೊಂಡದ್ದು ನಿಮ್ಮ ರೈತರಿಗೂ ಸಿಗಲಿ ಎಂಬ ಆಸೆ ನನಗೆ.

ನಿನ್ನ,
ಫ್ಲೆನ್ಸಿ


ಕಟಪಾಡಿ
3 ಡಿಸೆಂಬರ್ 2023

ಪ್ರೀತಿಯ ಫ್ಲೆನ್ಸಿ,

ಕೇಳುವ ಮೊದಲೇ ಹೆಸರು ಕೊಡುವ ನಿನ್ನ ಬುದ್ಧಿ ಹಾಸ್ಟೆಲ್ಲಿನಲ್ಲಿ ಇದ್ದ ಹಾಗೆಯೇ ಇದೆ. ನಾಟಕಕ್ಕೂ ಹೀಗೇ ಸೇರಿಸಿದ್ದೆ. ಇರಲಿ, ಒಪ್ಪಿದೆ.

ಒಪ್ಪಲು ಕಾರಣ ರುಕಿಯಮ್ಮ. ಹೊಳೆಬದಿಯಲ್ಲಿ ಇವರ ಮನೆ. ಗಂಡ ತೀರಿಕೊಂಡ ಮೇಲೆ ಮಲ್ಲಿಗೆಯೊಂದನ್ನೇ ನಂಬಿ ಮಗಳು ಅಲಿಶಾಳನ್ನು ಕಾಲೇಜಿಗೆ ಕಳಿಸುತ್ತಿದ್ದಾರೆ. ಸಮುದ್ರದ ನೀರು ಹೊಳೆಯಲ್ಲಿ ಮೇಲೆ ಮೇಲೆ ಬರುತ್ತಿದೆ. ಮಾಘ ಕಳೆದರೆ ಇವರ ಬಾವಿ ಉಪ್ಪು. ಎಲೆಯ ತುದಿ ಸುಟ್ಟಂತಾಗಿ ಮೊಗ್ಗು ಉದುರುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಸಂಶೋಧನಾ ಕೇಂದ್ರಕ್ಕೆ ಬಂದು, "ಗಿಡಕ್ಕೆ ಹನಿಸುವ ನೀರು ನಾನೇ ಕುಡಿದು ನೋಡಿದೆ ಮೇಡಮ್. ನನಗೇ ಆಗುದಿಲ್ಲ, ಗಿಡಕ್ಕೆ ಹೇಗೆ ಆಗ್ತದೆ?" ಎಂದು ಕೇಳಿದ್ದರು. ಅದಕ್ಕೆ ಉತ್ತರ ನಿನ್ನ ಕ್ರಮದಲ್ಲಿ ಇದ್ದೀತು ಅನ್ನಿಸಿತು.

ಆದರೆ ನಿನ್ನ ಪತ್ರದ ಕೊನೆಯ ಸಾಲು ಚೂರು ಚುಚ್ಚಿತು. ನೀವು ಕಂಡುಕೊಳ್ಳುವುದು, ನಾವು ಪಡೆದುಕೊಳ್ಳುವುದು. ಲಂಡನ್ನಿನವರ ಜೊತೆ ಪತ್ರ ಬರೆದು ಬರೆದು ನಿನಗೂ ಅವರ ಧಾಟಿ ಬಂತಾ ಮಾರಾಯ್ತಿ? ನಮ್ಮಲ್ಲೂ ಕೊಡಲು ಏನಾದರೂ ಇದ್ದೀತು, ನೋಡುವ.

ಜ್ಯೋತ್ಸ್ನಾ


ಬುದಯ್ಯ
20 ಜನವರಿ 2024

ಪ್ರಿಯ ಜ್ಯೋತ್ಸ್ನಾ,

ಚುಚ್ಚಬೇಕೆಂದು ಬರೆದದ್ದಲ್ಲ. ಹೊಟ್ಟೆಗೆ ಹಾಕಿಕೋ.

ಕ್ರಮ ಇಷ್ಟು. ಸಾಲು ತೋಡಿ ಅದರಲ್ಲಿ ನೀರು ಬಿಟ್ಟರೆ ಉಪ್ಪು ಮಣ್ಣಿನ ದಿಣ್ಣೆಯ ನೆತ್ತಿಗೆ ಏರಿ ಬಿಳಿಯಾಗಿ ಕೂರುತ್ತದೆ. ಆದ್ದರಿಂದ ಗಿಡವನ್ನು ನೆತ್ತಿಯಲ್ಲಿ ನೆಡಬೇಡ, ಇಳಿಜಾರಿನಲ್ಲಿ ನೆಡು. ಸುತ್ತ ಗಟ್ಟಿ ಏರಿ ಕಟ್ಟು, ಒಂದು ಹನಿಯೂ ಹೊರಗೆ ಹೋಗಬಾರದು. ಬುಡಕ್ಕೆ ದಪ್ಪ ಹೊದಿಕೆ ಹಾಸು. ನಾವು ಖರ್ಜೂರದ ಮರದ ನಾರು ಹಾಸುತ್ತೇವೆ, ನೀನು ತೆಂಗಿನ ನಾರು ಬಳಸಬಹುದು. ಸಸಿ ಬೇರು ಬಿಡುವಾಗಲೇ ಸ್ವಲ್ಪ ಸ್ವಲ್ಪ ಉಪ್ಪುನೀರು ಅಭ್ಯಾಸ ಮಾಡಿಸು. ವಿವರವೆಲ್ಲ ಜೊತೆಗಿದೆ.

ಆಂತೋನಿ ಮುಂದಿನ ತಿಂಗಳು ಊರಿಗೆ ಹೋಗುತ್ತಾನೆ. "ಎಂತಕ್ಕೆ ಇಷ್ಟು ಬರೆಯುದು? ರಾಝ್ಜಿಯ ಎರಡು ಕಡ್ಡಿ ನನ್ನ ಸೂಟ್‌ಕೇಸಿನಲ್ಲಿ ಹಾಕು, ಪ್ಯಾಂಟಿನ ಒಳಗೆ ಸುತ್ತಿ ತೆಕ್ಕೊಂಡು ಹೋಗ್ತೇನೆ" ಎಂದ. ನನ್ನ ಗಂಡ ಕೆಲಸ ಮಾಡುವ ಹೋಟೆಲಿನಲ್ಲಿ ಎಷ್ಟು ಶಿಸ್ತಿನ ಮನುಷ್ಯನೋ ವಿಮಾನ ನಿಲ್ದಾಣದಲ್ಲಿ ಅಷ್ಟೇ ಪುಂಡ. ನಾನು ಬಿಡಲಿಲ್ಲ. ಸಾಮ್ರಾಜ್ಯದ ಕಾಲದಲ್ಲಿ ಹಡಗಿನಲ್ಲಿ ಗಿಡಗಳು ಊರಿಂದ ಊರಿಗೆ ಹೋದವು, ಅವುಗಳ ಜೊತೆ ಕೀಟವೂ ರೋಗವೂ ಹೋದವು. ನಮ್ಮಿಬ್ಬರ ನಡುವೆ ತಿಳಿವಳಿಕೆ ಮಾತ್ರ ಹೋಗಲಿ, ಗಿಡ ಅಲ್ಲಲ್ಲಿಯದೇ ಇರಲಿ.

ಮಾರ್ಚ್ ಒಳಗೆ ನೆಟ್ಟುಬಿಡು. ಜೂನಿನಲ್ಲಿ ಟ್ರಸ್ಟಿಗೆ ಮೊದಲ ವರದಿ ಹೋಗಬೇಕು.

ಫ್ಲೆನ್ಸಿ


ಕಟಪಾಡಿ
2 ಮೇ 2024

ಪ್ರೀತಿಯ ಫ್ಲೆನ್ಸಿ,

ಬಂದು ನೋಡಬೇಕಿತ್ತು ನೀನು! ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಮಲ್ಲಿಗೆಯ ಎಲೆ ಕೆಂಪಾಗಿ ಮುರುಟಿದೆ. ರುಕಿಯಮ್ಮನ ಹೊಸ ಸಾಲು ಹಸಿರಾಗಿ ನಿಂತಿದೆ, ಅದೇ ಉಪ್ಪು ಬಾವಿಯ ನೀರಿನಲ್ಲಿ. ಅವರು ಖುಷಿಯಲ್ಲಿ ಹಳೆಯ ಗಿಡಗಳ ಬುಡಕ್ಕೂ ಇದೇ ರೀತಿ ಏರಿ ಕಟ್ಟಿ ನಾರು ಹಾಸಿದ್ದಾರೆ. ಶಾಲೆ ಮಾಸ್ತರ ಭುಜಂಗ ಶೆಟ್ಟರು ದಿನಾ ಬಂದು ಬೇಲಿ ಆಚೆ ನಿಂತು ನೋಡುತ್ತಾರಂತೆ. "ಸುಮ್ಮನೆ ನೋಡ್ಬೇಡಿ ಮಾಸ್ಟ್ರೇ, ಒಳಗೆ ಬನ್ನಿ. ಬಹರೈನಿನ ಗಾಳಿ ಸೇವಿಸಿ" ಎಂದು ರುಕಿಯಮ್ಮ ಕರೆದರಂತೆ.

ಫೋಟೋ ಕಳಿಸಿದ್ದೇನೆ. ನಿನ್ನ ಜುಮಾನಾಗೆ ತೋರಿಸು.

ಜ್ಯೋತ್ಸ್ನಾ


ಬುದಯ್ಯ
18 ಜುಲೈ 2024

ಪ್ರಿಯ ಜ್ಯೋತ್ಸ್ನಾ,

ನಿನ್ನ ಫೋಟೋ ಜುಮಾನಾಳ ಆಫೀಸಿನ ಗೋಡೆಯ ಮೇಲಿದೆ. "ನನ್ನ ಅಜ್ಜಿಯ ರಾಝ್ಜಿಗೆ ಇಂಡಿಯಾದಲ್ಲಿ ತಂಗಿ ಇದ್ದಾಳೆ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ವರದಿಯ ಮುಖಪುಟಕ್ಕೂ ಆ ಫೋಟೋವನ್ನೇ ಹಾಕಿದೆ.

ಆಮೇಲಿಂದ ನೀನು ಮೌನ. ಎರಡು ಸಲ ಬರೆದೆ, ಉತ್ತರವಿಲ್ಲ. ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎನ್ನುತ್ತೀ. ಮಳೆಗಾಲದ ಚಿತ್ರ ಎರಡು ಕಳಿಸಿದರೆ ಸಾಕು.

ಫ್ಲೆನ್ಸಿ


ಬುದಯ್ಯ
28 ಆಗಸ್ಟ್ 2024

ಜ್ಯೋತ್ಸ್ನಾ,

ಟ್ರಸ್ಟಿನ ಸಂಯೋಜಕರು ಇವತ್ತು ವೀಡಿಯೋ ಕರೆಯಲ್ಲಿ, "ಇಂಡಿಯಾದ ನಿಮ್ಮ ಸಹೋದ್ಯೋಗಿ ನಮಗೆ ನೇರವಾಗಿಯೇ ಬರೆದಿದ್ದಾರಲ್ಲ" ಎಂದರು. ಏನು ಬರೆದಿದ್ದೀ ಎಂದು ಅವರು ಹೇಳಲಿಲ್ಲ. ಕೇಳಲು ನನಗೆ ನಾಚಿಕೆಯಾಯಿತು.

ನನಗೆ ಉತ್ತರ ಬರೆಯಲು ನಿನಗೆ ಪುರುಸೊತ್ತಿಲ್ಲ, ಲಂಡನ್ನಿಗೆ ಬರೆಯಲು ಇದೆ. ಯೋಜನೆ ನಿನಗೊಬ್ಬಳಿಗೇ ಬೇಕಿದ್ದರೆ ನನ್ನ ಮುಖಕ್ಕೇ ಹೇಳಬಹುದಿತ್ತು. ಒಂದೇ ತಟ್ಟೆಯಲ್ಲಿ ಉಂಡವರು ನಾವು.

ಫ್ಲೆನ್ಸಿ


ಕಟಪಾಡಿ
30 ಆಗಸ್ಟ್ 2024

ಫ್ಲೆನ್ಸಿ,

ನಾನು ಟ್ರಸ್ಟಿಗೆ ಬರೆದದ್ದು ಇಷ್ಟೇ: ಆ ಮುಖಪುಟದ ಫೋಟೋ ಅಚ್ಚು ಮಾಡಬೇಡಿ, ಆ ಗಿಡಗಳು ಈಗ ಇಲ್ಲ.

ಸತ್ತುಹೋದವು ಫ್ಲೆನ್ಸಿ. ಜೂನಿನಲ್ಲಿ ಹಿಡಿದ ಮಳೆ ಆಟಿ ತಿಂಗಳು ಮುಗಿದರೂ ಬಿಡಲಿಲ್ಲ. ಒಂದು ಹನಿಯೂ ಹೊರಗೆ ಹೋಗಬಾರದೆಂದು ಕಟ್ಟಿದ ಏರಿ ನಿಜವಾಗಿಯೂ ಒಂದು ಹನಿ ಬಿಡಲಿಲ್ಲ. ಸಾಲುಗಳು ಕೆರೆಗಳಾದವು. ನಾರಿನ ಹೊದಿಕೆಯ ಕೆಳಗೆ ಬೇರು ಕೊಳೆಯಿತು. ಹೊಸ ಸಾಲಷ್ಟೇ ಅಲ್ಲ, ರುಕಿಯಮ್ಮ ನಮ್ಮನ್ನು ನಂಬಿ ಏರಿ ಕಟ್ಟಿದ ಹಳೆಯ ಗಿಡಗಳೂ ಹೋದವು. ಅವರ ಗಂಡ ನೆಟ್ಟವು ಅವು.

ನೀನು ಮಳೆಯನ್ನೇ ಮರೆತುಬಿಟ್ಟೆ. ನೀನಾದರೂ ಮರುಭೂಮಿಯಲ್ಲಿದ್ದೀ. ನಾನು ಇಲ್ಲಿಯೇ ಕೂತು, ಪ್ರತಿ ವರ್ಷ ಕೊಡೆ ಹಿಡಿದು ನಡೆದು, ಹೇಗೆ ಮರೆತೆ? ಲಂಡನ್ ಒಪ್ಪಿದ ಕ್ರಮ ಎಂಬ ಭಯಭಕ್ತಿಯಲ್ಲಿ ಬುದ್ಧಿಯನ್ನು ಮೂಲೆಗಿಟ್ಟೆ. ನಿನಗೆ ಹೇಳಿದರೆ ನಿನ್ನ ಪ್ರಯೋಗಾಲಯ ಹೋಗುತ್ತದೆಂದು ಸುಮ್ಮನಿದ್ದೆ. ಗಿಡಗಳನ್ನು ಹೇಗಾದರೂ ಉಳಿಸಿ ಆಮೇಲೆ ಬರೆಯೋಣ ಅಂದುಕೊಂಡೆ. ಉಳಿಯಲಿಲ್ಲ.

ರುಕಿಯಮ್ಮ ಕೇಂದ್ರಕ್ಕೆ ಬಂದು ಎಲ್ಲರೆದುರು ಬೈದರು. "ನಿಮ್ಮ ಬಹರೈನಿನ ಪಾಠ ಬಹರೈನಿಗೇ ಇರಲಿ!" ನಾನು ತಲೆ ತಗ್ಗಿಸಿ ನಿಂತೆ. ಈಗ ನೀನೂ ಬೈದಿದ್ದೀ. ಒಳ್ಳೆಯದಾಯಿತು, ಇನ್ನು ಬೈಯಲು ಯಾರೂ ಬಾಕಿ ಇಲ್ಲ.

ಜ್ಯೋತ್ಸ್ನಾ


ಉಮ್ ಅಲ್ ಹಸ್ಸಮ್, ಬಹರೈನ್
1 ಸೆಪ್ಟೆಂಬರ್ 2024

ನನ್ನ ಜ್ಯೋತ್ಸ್ನಾ,

ನಿನ್ನ ಪತ್ರವನ್ನು ಮನೆಯ ಬಾಲ್ಕನಿಯಲ್ಲಿ ನಿಂತು ಓದಿದೆ. ಹೊರಗೆ ಬೆಂಕಿಯಂಥ ಬಿಸಿಲು, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಇಲ್ಲಿ ಇಷ್ಟು ವರ್ಷದಿಂದ ಮಳೆ ಎಂದರೆ ಕಾರು ತೊಳೆಯುವ ಖರ್ಚು ಉಳಿಯಿತು ಎಂದು ನಗುವವಳು ನಾನು. ಶಂಕರಪುರದಲ್ಲಿ ಹುಟ್ಟಿದವಳು! ಅಮ್ಮ ಮಳೆಗಾಲಕ್ಕೆ ಮುಂಚೆ ಮಲ್ಲಿಗೆಯ ಬುಡ ಬಿಡಿಸಿ ಚರಂಡಿ ತೋಡುತ್ತಿದ್ದದ್ದು ಕಣ್ಣ ಮುಂದೆ ಇದೆ. ಬರೆಯುವಾಗ ಎಲ್ಲಿ ಹೋಗಿತ್ತೋ.

ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮಿಸು. ಇವತ್ತು ಜುಮಾನಾಗೆ ಎಲ್ಲ ಹೇಳಿದೆ. ಆಮೇಲೆ ಗೋಡೆಯ ಮೇಲಿನ ಫೋಟೋ ತೆಗೆಯಲು ನಾನು ಕೈ ಚಾಚಿದಾಗ ತಡೆದಳು. "ಬೇಡ ಹಬೀಬ್ತಿ, ಬೇಡ ಗೆಳತಿ. ಸತ್ತವುಗಳ ಫೋಟೋವನ್ನೂ ಕಳಿಸಲು ಹೇಳು. ಎರಡನ್ನೂ ಹಾಕೋಣ. ಸತ್ತದ್ದು ಗೊತ್ತಾದರೆ ತಾನೇ ಇನ್ನೊಬ್ಬರ ಗಿಡ ಉಳಿಯುವುದು?"

ಫೆಬ್ರವರಿಯಲ್ಲಿ ಮನಾಮದಲ್ಲಿ ಟ್ರಸ್ಟಿನ ಸಮ್ಮೇಳನವಿದೆ. ಇದೆಲ್ಲವನ್ನೂ ಅಲ್ಲಿ ಹೇಳುತ್ತೇನೆ. ರುಕಿಯಮ್ಮನಿಗೆ ಅವಮಾನ ಆಗುವುದಾದರೆ ಅವರ ಹೆಸರು ಬಿಡುತ್ತೇನೆ. ಕೇಳಿ ತಿಳಿಸು.

ಫ್ಲೆನ್ಸಿ


ಕಟಪಾಡಿ
24 ನವೆಂಬರ್ 2024

ಪ್ರೀತಿಯ ಫ್ಲೆನ್ಸಿ,

ರುಕಿಯಮ್ಮನ ಮನೆಗೆ ಹೋಗಲು ಧೈರ್ಯ ಬರಲು ಇಷ್ಟು ದಿನ ಬೇಕಾಯಿತು. ಚಹಾ ಕೊಟ್ಟರು, ಮುಖ ಕೊಡಲಿಲ್ಲ. ನಿನ್ನ ಮಾತು ಹೇಳಿದೆ. ನಿಮ್ಮ ಹೆಸರು ಹಾಕುವುದಿಲ್ಲ, ಚಿಂತೆ ಬೇಡ ಎಂದೆ. ಅಷ್ಟಕ್ಕೇ ಕಿಡಿಯಾದರು.

"ಎಂತಕ್ಕೆ ಹಾಕುದಿಲ್ಲ? ಗಿಡ ಬದುಕಿದ್ರೆ ಪೇಪರಿನಲ್ಲಿ ಹಾಕ್ತಿದ್ರಿ ಅಲ್ವಾ? ಸತ್ತದ್ದು ನನ್ನ ಗಿಡ, ನೀರು ಹೊತ್ತದ್ದು ನಾನು, ಹೆಸರು ಮಾತ್ರ ಬೇಡವಾ? ಹಾಕಿ. ದೊಡ್ಡ ಅಕ್ಷರದಲ್ಲಿ ಹಾಕಿ. ರುಕಿಯಮ್ಮ ಮಾಡಿ ನೋಡಿದ್ಲು, ಹೀಗಾಯ್ತು ಅಂತ."

ಆ ಹೆಂಗಸಿನೆದುರು ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅಲ್ಲೇ ಕೂತು ಮೂವರೂ, ಅಲಿಶಾಳೂ ಸೇರಿ, ಯೋಚಿಸಿದೆವು. ಬಹರೈನಿನಲ್ಲಿ ಉಪ್ಪು ತೊಳೆಯಲು ನೀರಿಲ್ಲ, ಅದಕ್ಕೇ ಏರಿ. ನಮ್ಮಲ್ಲಿ ವರ್ಷಕ್ಕೊಮ್ಮೆ ಮಳೆಯೇ ಬಂದು ಉಪ್ಪು ತೊಳೆದುಕೊಡುತ್ತದೆ. ಹಾಗಾದರೆ ಏರಿ ಬೇಸಿಗೆಗೆ ಮಾತ್ರ ಸಾಕು. ಮೇ ಮುಗಿಯುವ ಮೊದಲು ಏರಿ ಒಡೆದು, ನಾರು ಎತ್ತಿ, ಚರಂಡಿ ಬಿಡಿಸಬೇಕು. ಮಳೆ ನಿಂತ ಮೇಲೆ ಮತ್ತೆ ಕಟ್ಟಬೇಕು. ಈ ಸಲ ರುಕಿಯಮ್ಮನ ಹಿತ್ತಿಲಿನಲ್ಲಿ ಅಲ್ಲ, ಮೊದಲು ನನ್ನ ಮನೆಯ ಅಂಗಳದಲ್ಲಿ ಮಾಡುತ್ತೇನೆ ಎಂದೆ. "ಎರಡೂ ಕಡೆ ಮಾಡುವ" ಎಂದರು ರುಕಿಯಮ್ಮ. ಭುಜಂಗ ಮಾಸ್ತರರು ತಮ್ಮ ಹಿತ್ತಿಲಿನಿಂದ ಸಸಿ ಕೊಟ್ಟರು.

ಇನ್ನೊಂದು. ನಿಮ್ಮ ರಾಝ್ಜಿಯ ಚಿತ್ರಗಳನ್ನು ರುಕಿಯಮ್ಮನಿಗೆ ತೋರಿಸಿದೆ. ಗಿಡ ಚೆನ್ನಾಗಿದೆ, ಆದರೆ ಬರೀ ಎಲೆ, ಮೊಗ್ಗು ಕಡಿಮೆ, ನಿಮ್ಮಲ್ಲಿ ಗೆಲ್ಲು ಕತ್ತರಿಸಿ ಸವರುವುದಿಲ್ಲವೇ ಎಂದು ಕೇಳಿದರು. ಶಂಕರಪುರದವರು ಗೆಲ್ಲು ಸವರಿ, ಎಲೆ ಕಿತ್ತು, ಗೊಬ್ಬರ ಕೊಡುವ ಕ್ರಮವನ್ನು ನಮ್ಮ ಕೇಂದ್ರದಲ್ಲಿ ನಾಲ್ಕು ವರ್ಷ ಪ್ರಯೋಗ ಮಾಡಿದ್ದೇವೆ. ಅದರ ಪೂರ್ತಿ ವಿವರ ಕಳಿಸಿದ್ದೇನೆ. ಚಳಿ ಮುಗಿಯುವ ಮುಂಚೆ ಮಾಡಿ. ನಿಮ್ಮ ಹವೆಗೆ ಸರಿಹೋಗುವುದೋ ಇಲ್ಲವೋ ನನಗೆ ತಿಳಿಯದು. ಆದ್ದರಿಂದ ಒಂದೇ ಸಾಲಿನಲ್ಲಿ ಮಾಡಿ ನೋಡಿ.

ಜ್ಯೋತ್ಸ್ನಾ


ಬುದಯ್ಯ
21 ಫೆಬ್ರವರಿ 2025

ಪ್ರೀತಿಯ ಜ್ಯೋತ್ಸ್ನಾ,

ಟ್ರಸ್ಟ್ ನಮ್ಮನ್ನು ಕೈಬಿಟ್ಟಿತು. ಮೊದಲು ಅದನ್ನು ಹೇಳಿಬಿಡುತ್ತೇನೆ. ಈಗ ನಡೆದದ್ದು ಕೇಳು.

ಸಮ್ಮೇಳನದ ಹಿಂದಿನ ದಿನ ಅವರು ನನ್ನ ಭಾಷಣ ತಿದ್ದಿ ಕಳಿಸಿದ್ದರು. ಸತ್ತ ಗಿಡಗಳ ಭಾಗ ಇರಲಿಲ್ಲ. ರುಕಿಯಮ್ಮ "ಸ್ಥಳೀಯ ರೈತ ಮಹಿಳೆ" ಆಗಿದ್ದರು. ನಾನು ಭಾಷಣದಲ್ಲಿ ಹೇಳಿದ್ದ ನಿನ್ನ ಸವರುವ ಪ್ರಯೋಗ ಟ್ರಸ್ಟಿನ ಸಂಗ್ರಹಕ್ಕೆ ಸೇರಿತ್ತು. ಅದನ್ನು ನೋಡಬೇಕಾದರೆ ನೀನೇ ಲಂಡನ್ನಿಗೆ ಅರ್ಜಿ ಹಾಕಬೇಕಂತೆ! ನಿನ್ನ ಅಂಗಳದ ಮಾತು ನಿನಗೆ ತಿಳಿಯಲು ಅಲ್ಲಿಂದ ಅಪ್ಪಣೆ. ಹಂಚುವುದು ಎಂದರೆ ಅವರ ಲೆಕ್ಕದಲ್ಲಿ ಎಲ್ಲರೂ ಅವರಿಗೆ ಕೊಡುವುದು.

ಆಂತೋನಿಗೆ ಹೇಳಿದೆ. ನನ್ನ ಕೆಲಸ ಹೋದರೆ ವೀಸಾದ ತಾಪತ್ರಯ ಅವನಿಗೂ ಗೊತ್ತು. "ನೀನು ಸುಳ್ಳು ಓದಿ ಮನೆಗೆ ಬಂದರೆ ನಾಲ್ಕು ದಿನ ಊಟ ಸೇರುದಿಲ್ಲ ನಿನಗೆ, ನನಗೂ ಸೇರ್ಲಿಕ್ಕೆ ಬಿಡುದಿಲ್ಲ. ನಿನ್ನದೇ ಓದು" ಎಂದ.

ನನ್ನದನ್ನೇ ಓದಿದೆ. ಪರದೆಯ ಮೇಲೆ ಮೊದಲು ಹಸಿರು ಸಾಲು, ಆಮೇಲೆ ನೀರಲ್ಲಿ ಕೊಳೆತ ಸಾಲು. ಕೆಳಗೆ ಇಂಗ್ಲಿಷ್, ಅರಬ್ಬಿ, ಕನ್ನಡ ಮೂರರಲ್ಲೂ: ರುಕಿಯಮ್ಮ, ಕಟಪಾಡಿ. ಅಧ್ಯಕ್ಷರು ಮೈಕಿನಲ್ಲೇ, "ಇದು ನಾವು ಒಪ್ಪಿದ ಪ್ರತಿ ಅಲ್ಲ, ದಯವಿಟ್ಟು ನಿಲ್ಲಿಸಿ" ಎಂದರು. ಆಗ ಸಭೆಯ ನಡುವಿನಿಂದ ಜುಮಾನಾ ಎದ್ದಳು.

"ಇದು ನಮ್ಮ ತೋಟದ ಕೆಲಸ, ಆಕೆ ಮುಗಿಸಲಿ. ನನ್ನ ಅಜ್ಜಿ ಬುದಯ್ಯದ ಅರ್ಧ ಮನೆಗಳಿಗೆ ಗೋಡೆಯ ಮೇಲಿನಿಂದ ರಾಝ್ಜಿ ಕಡ್ಡಿ ಕೊಟ್ಟವರು. ಯಾರಿಂದಲೂ ಸಹಿ ಕೇಳಲಿಲ್ಲ. ಹೇಗೆ ನೆಡಬೇಕೆಂದೂ ಹೇಳುತ್ತಿದ್ದರು, ತಮ್ಮದು ಯಾಕೆ ಸತ್ತಿತೆಂದೂ ಹೇಳುತ್ತಿದ್ದರು."

ಹಿಂದಿನ ಸಾಲಿನಲ್ಲಿ ಇಲ್ಲಿಯ ರೈತರು ಕೂತಿದ್ದರು. ಅವರೇ ಮೊದಲು ಚಪ್ಪಾಳೆ ತಟ್ಟಿದ್ದು. ನಾನು ಕೊನೆಯವರೆಗೂ ಓದಿದೆ. ಜ್ಯೋತ್ಸ್ನಾ, ನನ್ನ ಜೀವನದಲ್ಲಿ ಸೋಲನ್ನು ಅಷ್ಟು ಎದೆಯುಬ್ಬಿಸಿ ನಾನು ಎಂದೂ ಹೇಳಿರಲಿಲ್ಲ.

ಸಂಜೆಗೇ ಟ್ರಸ್ಟಿನ ಪತ್ರ ಬಂತು, ಯೋಜನೆ ರದ್ದು. ಜುಮಾನಾ ಓದಿ, "ಖಲ್ಲಿವಲ್ಲಿ, ಹೋಗಲಿ ಬಿಡು" ಎಂದಳು. ಮರುದಿನ ಅದೇ ರೈತರು ತಮ್ಮ ಬಾವಿಗಳ ನೀರನ್ನು ಬಾಟಲಿಯಲ್ಲಿ ತುಂಬಿ ನಮ್ಮ ಬಾಗಿಲಿಗೆ ಬಂದರು. ಪರೀಕ್ಷೆ ಮಾಡಿಕೊಡು, ಪ್ರಯೋಗಾಲಯವನ್ನು ನಾವೆಲ್ಲ ಸೇರಿ ನಡೆಸುತ್ತೇವೆ ಎಂದರು. ನಾನು ಕೌಂಟರಿಗೆ ಹೋಗಬೇಕಾಗಿಲ್ಲ.

ಸವರುವುದಕ್ಕೆ ಜುಮಾನಾ ಒಪ್ಪಿರಲಿಲ್ಲ. ಅಜ್ಜಿಯ ಗಿಡಕ್ಕೆ ಕತ್ತರಿ ಹಾಕುವುದೇ ಎಂದು. ಇವತ್ತು ತಾನೇ ಕತ್ತರಿ ತಂದಳು, ಮುಖ ಆಚೆ ತಿರುಗಿಸಿಕೊಂಡು ಒಂದು ಸಾಲು ಬಿಟ್ಟುಕೊಟ್ಟಳು.

ಫ್ಲೆನ್ಸಿ


ಕಟಪಾಡಿ
10 ಆಗಸ್ಟ್ 2025

ಪ್ರೀತಿಯ ಫ್ಲೆನ್ಸಿ,

ಸವರಿದ ಸಾಲಿನಲ್ಲಿ ರಾಝ್ಜಿ ಇಮ್ಮಡಿ ಅರಳಿದ ಚಿತ್ರ ನೋಡಿ ರುಕಿಯಮ್ಮ, "ಹಾಗಾದ್ರೆ ನಮ್ಮದು ಅಲ್ಲಿ ಪಾಸ್ ಆಯ್ತು" ಎಂದರು. ಇಲ್ಲಿಯೂ ಪಾಸ್. ಬೇಸಿಗೆಯ ಉಪ್ಪು ಕಳೆಯಿತು. ಮೇ ಕೊನೆಯಲ್ಲಿ ಏರಿ ಒಡೆದೆವು. ಆಟಿಯ ಮಳೆ ಹೊಡೆದು ಹೋಯಿತು. ಗಿಡಗಳು ನಿಂತಿವೆ, ನನ್ನ ಅಂಗಳದಲ್ಲೂ ಅವರ ಹಿತ್ತಿಲಿನಲ್ಲೂ.

ಮೊನ್ನೆ ಕೇಂದ್ರದಲ್ಲಿ ಹೊಳೆಬದಿಯ ಬೆಳೆಗಾರರ ಸಭೆ. ಗೆದ್ದದ್ದು, ಸತ್ತದ್ದು ಎಲ್ಲ ಸೇರಿಸಿ ನಾವಿಬ್ಬರೂ ಈ ವರ್ಷ ಬರೆದ ಪುಸ್ತಿಕೆಯ ಕನ್ನಡ ಪ್ರತಿ ಎಲ್ಲರ ಕೈಯಲ್ಲಿತ್ತು. ವಿವರಿಸಲು ನಾನು ಎದ್ದೆ. ರುಕಿಯಮ್ಮ ಮೈಕು ತೆಗೆದುಕೊಂಡರು. ಸತ್ತ ಗಿಡಗಳ ಪುಟ ಬಿಡಿಸಿ ಎತ್ತಿ ಹಿಡಿದು, "ಮೊದಲು ಇದನ್ನು ನೋಡಿ. ಇದು ನಂದು" ಎಂದರು. ಎಲ್ಲರೂ ತಮ್ಮ ಪ್ರತಿಯಲ್ಲಿ ಅದೇ ಪುಟ ಬಿಡಿಸಿದರು. ನಾನು ಹಿಂದೆ ಹೋಗಿ ಅಲಿಶಾಳ ಪಕ್ಕ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

ಜ್ಯೋತ್ಸ್ನಾ


ಬುದಯ್ಯ
17 ಅಕ್ಟೋಬರ್ 2025

ಪ್ರೀತಿಯ ಜ್ಯೋತ್ಸ್ನಾ,

ಪುಸ್ತಿಕೆಯನ್ನು ಯಾರು ಬೇಕಾದರೂ ಓದಲಿ ಎಂದು ಇಂಟರ್‌ನೆಟ್ಟಿಗೆ ಹಾಕಿದೆವಲ್ಲ, ಕೀನ್ಯಾದ ಮೊಂಬಾಸದಿಂದ ಒಬ್ಬಳು ಬರೆದಿದ್ದಾಳೆ. ಹೆಸರು ಜುಹುರಾ, ಶಾಲೆಯ ಉಪಾಧ್ಯಾಯಿನಿ. ಅಲ್ಲಿಯ ಹೆಂಗಸರೂ ಮಲ್ಲಿಗೆ ಕಟ್ಟಿ ಮಾರುತ್ತಾರಂತೆ. ಕಡಲು ಅವರ ಬಾವಿಗಳಿಗೂ ಬಂದಿದೆ.

ಉತ್ತರಕ್ಕೆ ಕೂತಾಗ ಬೆರಳು ತಾನಾಗಿಯೇ "ಹೀಗೆ ಮಾಡಿ" ಎಂದು ಶುರುಮಾಡಿತು. ಅಳಿಸಿದೆ. ನಿಮ್ಮ ಮಣ್ಣು ಎಂಥದ್ದು, ಮಳೆ ಯಾವಾಗ, ನೀವು ಈಗಾಗಲೇ ಏನೇನು ಮಾಡಿ ನೋಡಿದ್ದೀರಿ ಎಂದು ಕೇಳಿ ಬರೆದೆ.

ಅವಳ ಉತ್ತರ ಇವತ್ತು ಬಂತು. ಉದ್ದ ಪತ್ರ, ಜೊತೆಗೆ ಅವರ ಓಣಿಯ ಹೆಂಗಸರೆಲ್ಲ ಗಿಡಗಳ ಪಕ್ಕ ನಿಂತ ಚಿತ್ರ, ಪ್ರತಿಯೊಬ್ಬರ ಹೆಸರು ಸಹಿತ. ಹವಳದ ಕಲ್ಲಿನ ನೆಲವಂತೆ, ವರ್ಷಕ್ಕೆ ಎರಡು ಮಳೆಗಾಲವಂತೆ. ಅವರು ಗಿಡಗಳನ್ನು ಒಡೆದ ಮಡಕೆಗಳ ಒಳಗೆ ನೆಟ್ಟು ಮಣ್ಣಿನಲ್ಲಿ ಹುಗಿಯುತ್ತಾರೆ. ಅದು ಯಾಕೆ ಫಲ ಕೊಡುತ್ತದೆಂದು ನನಗೆ ಹೊಳೆಯಲಿಲ್ಲ. ಜುಮಾನಾಗೂ ಹೊಳೆಯಲಿಲ್ಲ. ಅವಳು ಆಗಲೇ ಎರಡು ಮಡಕೆ ಒಡೆದು ಕೂತಿದ್ದಾಳೆ.

ಪತ್ರ ನಿನಗೂ ಕಳಿಸಿದ್ದೇನೆ. ಈ ಸಲ ಕಲಿಯುವ ಸರದಿ ನಮ್ಮಿಬ್ಬರದು. ರುಕಿಯಮ್ಮನನ್ನು ಕರೆದು ಕೂರಿಸಿಕೊಂಡು, ನಿಧಾನವಾಗಿ ಓದು.

ನಿನ್ನ,
ಫ್ಲೆನ್ಸಿ